ಮೂಗಿಗೆ ಗೆರೆ ಬೇಡ

ಮಲ್ಲೇಶ್ವರದ ನಮ್ಮ ಪೋರ್ಟ್ರೇಟ್ ಸ್ಟುಡಿಯೋದಲ್ಲಿ ಹೊಸಬರ ಕೈಗೆ ಗಿರಾಕಿಯ ಮುಖ ಕೊಡುವುದಿಲ್ಲ. ಮೊದಲು ಒಂದು ಹಳೇ ಚಿತ್ರ ಕಾಪಿ ಮಾಡಬೇಕು. ನನಗೆ ಸಿಕ್ಕಿದ್ದು ಡಚ್ ಚಿತ್ರಕಾರ ವರ್ಮೀರ್‌ನ 'ಗರ್ಲ್ ವಿತ್ ಎ ಪರ್ಲ್ ಇಯರ್‌ರಿಂಗ್'. ಸುಮಾರು 1665ರದ್ದು, ಹೇಗ್ ನಗರದ ಮೌರಿತ್ಸ್‌ಹೌಸ್ ಮ್ಯೂಸಿಯಂನಲ್ಲಿದೆ. ಅಳತೆ ಬರೀ 44.5 × 39 ಸೆಂ.ಮೀ. ಅದೇ ಸೈಜಿಗೆ ಕ್ಯಾನ್ವಾಸ್ ಕಟ್ಟಿಕೊಂಡೆ.

ಅಂಬರ್ ಎಂಬ ಮಣ್ಣುಗಂದು ಬಣ್ಣದಲ್ಲಿ ಅಂಡರ್‌ಪೇಂಟಿಂಗ್, ಅಂದರೆ ಅಡಿಪದರ, ಮುಗಿಸಿ ಬಣ್ಣಕ್ಕೆ ಇಳಿದಾಗ ಮೂಗಿನ ಹತ್ತಿರ ಕೈ ನಿಂತಿತು. ಆ ಹುಡುಗಿಯ ಮೂಗಿಗೂ ಬೆಳಕಿನ ಕಡೆಯ ಕೆನ್ನೆಗೂ ನಡುವೆ ಗೆರೆಯೇ ಇಲ್ಲ. ಎರಡೂ ಒಂದರೊಳಗೊಂದು ಕರಗಿವೆ. ಆದರೂ ಮೂಗು ಕಾಣುತ್ತದೆ, ಈಚೆ ಬದಿಯ ನೆರಳಿನಿಂದ. ಕಿವಿಯ ಮುತ್ತೂ ಹಾಗೆಯೇ. ಮೇಲೊಂದು ದಪ್ಪ ಬಿಳಿ ಚುಕ್ಕೆ, ಕೆಳಗೆ ಕಾಲರಿನ ಮಂದ ಬಿಂಬ. ಕೊಕ್ಕೆ ಕೂಡ ಇಲ್ಲ!

ಮುಂದೆ ನನಗೆ ಬಂದ ಆರ್ಡರ್ ಒಬ್ಬರ ತೀರಿಹೋದ ತಂದೆಯದು. ಕಿಟಕಿ ಪಕ್ಕ ತೆಗೆದ ಫೋಟೋ. ಮನೆಯವರು ಫೈನಲ್ ನೋಡಲು ಬಂದಾಗ ಮ್ಯಾನೇಜರ್ ಅವರೆದುರೇ, "ಮೂಗು ಮಸುಕಾಗಿದೆಯಲ್ಲಾ, ಒಂದು ಗೆರೆ ಎಳೆದುಬಿಡಿ" ಎಂದು ಬ್ರಷ್ ಕೈಗೆ ಕೊಟ್ಟರು. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ಬ್ರಷ್ಷಿನ ತುದಿಯಲ್ಲಿ ತೆಳು ಅಂಬರ್ ಇನ್ನೇನು ತೊಟ್ಟಿಕ್ಕುವಂತಿತ್ತು. ಜುಲೈ ತಿಂಗಳ ಥಂಡಿ, ಕೆಳಗಿನ ಪದರ ಇನ್ನೂ ಹಸಿ. ಎಳೆದು ಒರೆಸಿದರೆ ಕೆನ್ನೆಯೂ ಹೋಯಿತು.

"ಸಾರ್, ಐದು ನಿಮಿಷ ಕೊಡಿ" ಎಂದೆ. ಹಸಿ ಎಣ್ಣೆಯ ಮೇಲೆ ಟ್ಯೂಬ್‌ಲೈಟ್ ಹೊಳೆಯುತ್ತಿತ್ತು, ಅದನ್ನು ಆರಿಸಿದೆ. ಮನೆಯವರನ್ನು ಬಾಗಿಲ ತನಕ ಹಿಂದೆ ಹೋಗಿ, ಕಣ್ಣು ಅರ್ಧ ಮುಚ್ಚಿ ನೋಡಲು ಕೇಳಿಕೊಂಡೆ. ಮ್ಯಾನೇಜರ್ ವಾಚು ನೋಡಿಕೊಂಡರು. ಆರ್ಡರ್ ಕೊಟ್ಟವರ ತಾಯಿ ತುಂಬಾ ಹೊತ್ತು ನೋಡಿದರು. "ಪೇಪರ್ ಓದುವಾಗ ಹೀಗೇ ಕಾಣ್ತಿದ್ರು. ಏನೂ ಮುಟ್ಟಬೇಡಮ್ಮ" ಎಂದರು.

ಈಗ ಹೊಸಬರ ಕಾಪಿ ಕೆಲಸವನ್ನೇ ನಿಲ್ಲಿಸಬೇಕೆಂಬ ಮಾತು ನಡೆದಿದೆ. ಕ್ಯಾನ್ವಾಸ್ ಮೇಲೆ ಫೋಟೋ ಪ್ರಿಂಟ್ ಹಾಕಿಸಿ ಬಣ್ಣ ಬಳಿದರೆ ಬೇಗ ಆಗುತ್ತದಂತೆ. ಬೇಗ ಆಗುತ್ತದೆ ನಿಜ. ಆದರೆ ಎಲ್ಲಿ ಗೆರೆ ಎಳೆಯದೆ ಬಿಡಬೇಕು ಅನ್ನುವುದನ್ನು ಆ ಹುಡುಗ ಹುಡುಗಿಯರು ಎಲ್ಲಿ ಕಲಿಯಬೇಕು? ಮೌರಿತ್ಸ್‌ಹೌಸ್ ವೆಬ್‌ಸೈಟಿನಲ್ಲಿ ಈ ಚಿತ್ರದ ದೊಡ್ಡ ಫೋಟೋ ಉಚಿತವಾಗಿ ಸಿಗುತ್ತದೆ. ಸೋಮವಾರದ ಮೀಟಿಂಗಿಗೆ ಮೂಗಿನ ಭಾಗವನ್ನಷ್ಟೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಒಯ್ಯುತ್ತಿದ್ದೇನೆ.