“ಎಷ್ಟು ತಿಂಗಳಿಗೆ ಬಾಡಿ ಬರುತ್ತೆ ಸಾರ್?”

ನಮ್ಮ ಜಿಮ್ ಸೇರಲು ಬರುವ ಕಾಲೇಜು ಹುಡುಗರಲ್ಲಿ ಈ ಪ್ರಶ್ನೆ ಕೇಳದವರು ಅಪರೂಪ. ಬಾಯಲ್ಲಿ ಹೇಳಿ ಸಾಕಾಗಿದೆ, ಆದ್ದರಿಂದ ಬರೆದೇ ಬಿಡುತ್ತೇನೆ: ಹೊಟ್ಟೆತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ, ತಪ್ಪಿಸದೆ ಬಂದರೆ ಮೂರ್ನಾಲ್ಕು ತಿಂಗಳಲ್ಲಿ ಅಂಗಿಯ ತೋಳು ಬಿಗಿಯಾದೀತು. ಅದಕ್ಕಿಂತ ಬೇಗ ಬೇಕಾದವರು ಬೇರೆ ಕಡೆ ವಿಚಾರಿಸಿಕೊಳ್ಳಬಹುದು.

ಪ್ರಶ್ನೆಯ ಜೊತೆಗೇ ಮುಖಕ್ಕೆ ಹಿಡಿಯುವ ಮೊಬೈಲ್ ಚಿತ್ರ ಕಂಡರೆ ನನಗೆ ಮೈಯುರಿಯುತ್ತದೆ. ಅದರಲ್ಲಿರುವ ದೇಹದಾರ್ಢ್ಯ ಸ್ಪರ್ಧಿ ವಾರಗಟ್ಟಲೆ ಅನ್ನ, ಚಪಾತಿ ಕಡಿಮೆ ಮಾಡಿ, ಕೊನೆಗೆ ನೀರನ್ನೂ ಹಿಡಿತದಲ್ಲಿ ಕುಡಿದು, ಮೈಗೆ ಬಣ್ಣ ಬಳಿದುಕೊಂಡು, ವೇದಿಕೆಯ ಹಿಂದೆ ಡಂಬೆಲ್ಸ್ ಎತ್ತಿ ಸ್ನಾಯುಗಳಿಗೆ ರಕ್ತ ನುಗ್ಗಿಸಿಕೊಂಡು ಬಂದು ನಿಂತವನು. ಸ್ಪರ್ಧೆ ಮುಗಿದು ಕೆಲವು ದಿನ ಸರಿಯಾಗಿ ಉಂಡರೆ ಆ ಮೈಕಟ್ಟು ಅವನಿಗೇ ಉಳಿಯುವುದಿಲ್ಲ. ನಮ್ಮ ಬಿ.ಕಾಂ. ಹುಡುಗ ಮಾತ್ರ ಅದನ್ನೇ ಇಟ್ಟುಕೊಂಡು ವರ್ಷಪೂರ್ತಿ ತನ್ನನ್ನು ಅಳೆದುಕೊಳ್ಳುತ್ತಾನೆ.

ಹಾಗಾದರೆ ಗೋಡೆತುಂಬ ಕನ್ನಡಿ ಏಕೆ ಹಾಕಿಸಿದ್ದೀರಿ ಎಂದು ಕೆಲವು ಉಪನ್ಯಾಸಕರು ಚುಚ್ಚುತ್ತಾರೆ. ಭಾರ ಎತ್ತುವಾಗ ಬೆನ್ನು ಬಾಗಿದ್ದು ಕಾಣಲಿ ಎಂದು, ಸ್ವಾಮಿ. ಬೆನ್ನು ನೋಡಿಕೊಳ್ಳುವವರು ಕಡಿಮೆ ಎಂಬುದನ್ನು ಒಪ್ಪುತ್ತೇನೆ.

ದಾವಣಗೆರೆಯ ಬೇಸಿಗೆಯಲ್ಲೂ ತುಂಬುತೋಳಿನ ದೊಗಲೆ ಅಂಗಿ ಬಿಚ್ಚದೆ ಅಭ್ಯಾಸ ಮಾಡುತ್ತಿದ್ದ ಒಬ್ಬ ಹುಡುಗ ನೆನಪಾಗುತ್ತಾನೆ. ಆಗ ನಮ್ಮಲ್ಲಿ ಅವನಷ್ಟು ದಪ್ಪ ತೋಳು ಯಾರಿಗೂ ಇರಲಿಲ್ಲ. ಕಾರಣ ಕೇಳಿದರೆ, “ಇನ್ನೂ ಸಣ್ಣಗಿದೀನಿ ಸಾರ್, ನೋಡಿದೋರು ನಗ್ತಾರೆ” ಎಂದ. ಅಕ್ಕನ ಮದುವೆಯಲ್ಲೂ ಪಂಕ್ತಿಗೆ ಕೂರದೆ, ಛತ್ರದ ಹಿಂದೆ ನಿಂತು, ಡಬ್ಬಿಯಲ್ಲಿ ತಂದಿದ್ದ ಮೊಟ್ಟೆಯ ಬಿಳಿಭಾಗ ತಿಂದನಂತೆ. ಮೈ ಎಷ್ಟೇ ಬೆಳೆದಿದ್ದರೂ ಸಣ್ಣಗಿದ್ದೇನೆ ಎನಿಸುವ, ದೇಹದಾರ್ಢ್ಯ ಪಟುಗಳಲ್ಲಿ ಕಾಣುವ ಈ ಭ್ರಮೆಯನ್ನು ಅಮೆರಿಕದ ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು 1993ರಲ್ಲೇ ದಾಖಲಿಸಿದ್ದರು. 1997ರಲ್ಲಿ ಅದಕ್ಕೆ ‘ಮಸಲ್ ಡಿಸ್ಮಾರ್ಫಿಯಾ’ ಎಂದು ಹೆಸರಾಯಿತು. ಎಲ್ಲಕ್ಕೂ ಜಿಮ್ಮೇ ಕಾರಣ ಎನ್ನುವವರಿಗೆ ಒಂದು ಮಾತು: ಹಾಸ್ಟೆಲಿನಲ್ಲಿ ಅವನನ್ನು ‘ಕಡ್ಡಿ ಪೈಲ್ವಾನ್’ ಎಂದು ಕರೆದವರು ನಮ್ಮ ಜಿಮ್ಮಿನವರಲ್ಲ.

“ಎಷ್ಟು ಬಂದರೆ ಸಾಕು ಸಾರ್?” ಎಂದು ಮಾತ್ರ ಒಬ್ಬನೂ ಕೇಳಿಲ್ಲ. ಅದನ್ನು ಸೇರುವ ದಿನವೇ ಗೊತ್ತುಮಾಡಿಕೊಳ್ಳದವರಲ್ಲಿ ಕೆಲವರು ಮುಂದೆ, ಸ್ನಾಯು ಬೇಗ ಉಬ್ಬಿಸುವ ಸ್ಟಿರಾಯ್ಡ್ ಸೂಜಿಯ ವಿಚಾರಣೆಗೆ ಬರುತ್ತಾರೆ. ಹೊರಗಿನಿಂದ ಚುಚ್ಚಿಸಿಕೊಂಡಾಗ ದೇಹ ತಾನೇ ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನ್ ತಯಾರಿಸುವುದನ್ನು ತಗ್ಗಿಸುತ್ತದೆ, ವೃಷಣ ಕುಗ್ಗುತ್ತದೆ, ಕೆಲವರಿಗೆ ಹೆಂಗಸರಂತೆ ಎದೆ ಬೆಳೆಯುತ್ತದೆ. ನಿಲ್ಲಿಸಿದ ಮೇಲೆ ಗಾತ್ರವೂ ಇಳಿಯುವುದರಿಂದ, ಸಣ್ಣಗಾದೆನೆಂಬ ದಿಗಿಲಿಗೆ ಮತ್ತೆ ಸೂಜಿಯೇ ಬೇಕೆನಿಸುತ್ತದೆ. ಅಂಥದ್ದನ್ನು ನನ್ನಲ್ಲಿ ಕೇಳಿದವರಿಗೆ ಕಟ್ಟಿದ ಹಣ ವಾಪಸು ಕೊಟ್ಟು ಕಳಿಸಿದ್ದೇನೆ. ಹಳೇ ಕಾಲದವನು ಎನ್ನುತ್ತಾರೆ, ಎನ್ನಲಿ.