‘ಆರಾಮ್ ಅದೀನ್ರಿ’ ಅಂದವರ ನೆಮ್ಮದಿ ಅಳೆಯುವುದು

ಹುಬ್ಬಳ್ಳಿ-ಧಾರವಾಡದ ವೃದ್ಧಾಶ್ರಮಗಳಲ್ಲಿ ‘ಹ್ಯಾಂಗದೀರಿ ಅಜ್ಜಾರ?’ ಎಂದು ಕೇಳಿದರೆ ಬರುವ ಉತ್ತರ ‘ಆರಾಮ್ ಅದೀನ್ರಿ’. ಅದು ನಮ್ಮ ಕಡೆಯ ಮರ್ಯಾದೆಯ ಮಾತು. ಮೇಲ್ವಿಚಾರಕರು ಪಕ್ಕದಲ್ಲೇ ನಿಂತಿದ್ದರಂತೂ ಬೇರೆ ಮಾತು ಹೊರಡುವುದಿಲ್ಲ. ನಿಜ ತಿಳಿಯಬೇಕಾದರೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಕಿವಿ ಕೇಳುವ ಕಡೆಯಿಂದ, ನಿಧಾನ ಕೇಳಬೇಕು.

ಬಾಳಿನ ಬಗ್ಗೆ ಎಷ್ಟು ತೃಪ್ತಿ ಇದೆ ಎಂದು ಅಳೆಯಲು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ ಡೀನರ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಮಾಪಕದಲ್ಲಿ ಇರುವುದು ಐದೇ ವಾಕ್ಯ. ಒಂದೊಂದಕ್ಕೆ 1ರಿಂದ 7 ಅಂಕ, ಒಟ್ಟು 5ರಿಂದ 35. 20 ಅಂದರೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಸಾಲಿ ಕಲಿಯದ ಅಮ್ಮಾರಿಗೆ ‘ಏಳರಾಗ ಎಷ್ಟು?’ ಎಂಬುದು ತಲೆಗೆ ಹೋಗದು. ಏಳು ಹುಣಸೆ ಬೀಜ ಕೊಟ್ಟು, ‘ಮಾತು ಪೂರಾ ಖರೇ ಅನಿಸಿದ್ರ ಏಳೂ ಇಡ್ರಿ, ಅಲ್ಲವೇ ಅಲ್ಲ ಅನಿಸಿದ್ರ ಒಂದ ಇಡ್ರಿ’ ಅನ್ನಿ. ಮೊದಲು ಊಟದ ರುಚಿಯ ಮೇಲೆ ಒಮ್ಮೆ ಅಭ್ಯಾಸ ಮಾಡಿಸಿ. ಐದನೆಯ ವಾಕ್ಯ ‘ಮತ್ತೆ ಬದುಕುವಂತಾದರೂ ಹೆಚ್ಚೇನೂ ಬದಲಿಸಲಾರೆ’ ಎಂಬರ್ಥದ್ದು. ಮುಂದಿನ ಜನ್ಮದ ಮಾತೆಂದು ತಿಳಿದುಬಿಡಬಹುದು. ‘ಇದ ಬಾಳೇವು ಮೊದಲಿಂದ ನಡೆಸೋದಾದ್ರ’ ಎಂದು ಬಿಡಿಸಿ ಹೇಳಿ. ಮಕ್ಕಳು ಬಂದುಹೋದ ದಿನ, ಹಬ್ಬದ ಮರುದಿನ ಕೇಳಬೇಡಿ. ಮೂರು ತಿಂಗಳ ಮೇಲೆ ಅದೇ ವ್ಯಕ್ತಿ, ಅದೇ ಮಾತುಗಳಲ್ಲಿ ಮತ್ತೆ ಕೇಳಿದರೆ ಮಾತ್ರ ಹೋಲಿಕೆಗೆ ಬೆಲೆ.

ಅಂಕ ತಗ್ಗಿದ್ದರೆ ‘ಮನಿ ನೆನಪು’ ಎಂದು ಸುಮ್ಮನಾಗಬಾರದು. ಹಿರಿಯರ ಖಿನ್ನತೆಗೆಂದೇ 15 ಹೌದು-ಇಲ್ಲ ಪ್ರಶ್ನೆಗಳ ಮಾಪಕವಿದೆ. ಅದರಲ್ಲಿ 5 ದಾಟಿದರೆ ವೈದ್ಯರಿಗೆ ತೋರಿಸಬೇಕು, ಧಾರವಾಡದಲ್ಲೇ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಮೊಣಕಾಲು ನೋವು, ಕಣ್ಣಿನ ಪೊರೆ, ಥೈರಾಯ್ಡ್ ಕೂಡ ಮನಸ್ಸನ್ನು ಕುಗ್ಗಿಸುತ್ತವೆ.

ಇನ್ನು ಅಂಕ ಏರಿಸುವ ಮಾತು. ದೊಡ್ಡ ಕಟ್ಟಡಕ್ಕಿಂತ, ದಿನದ ಸಣ್ಣ ಸಂಗತಿಗಳು ಯಾರ ಕೈಯಲ್ಲಿವೆ ಎಂಬುದನ್ನು ಮೊದಲು ನೋಡಬೇಕು. ಮನಶ್ಶಾಸ್ತ್ರಜ್ಞೆಯರಾದ ಎಲೆನ್ ಲ್ಯಾಂಗರ್, ಜುಡಿತ್ ರೋಡಿನ್ 1976ರಲ್ಲಿ ಪ್ರಕಟಿಸಿದ ಅಮೆರಿಕದ ಆರೈಕೆಮನೆಯ ಅಧ್ಯಯನದಲ್ಲಿ ಒಂದು ಮಹಡಿಯವರಿಗೆ ಗಿಡ ಕೊಟ್ಟು, ಆರೈಕೆ ನಿಮ್ಮದೇ ಎಂದರು. ಸಿನಿಮಾ ನೋಡುವ ದಿನವನ್ನೂ ಅವರಿಗೇ ಬಿಟ್ಟರು. ಇನ್ನೊಂದು ಮಹಡಿಯವರ ಗಿಡಕ್ಕೆ ದಾದಿಯರೇ ನೀರು ಹಾಕಿದರು. ಮೂರು ವಾರದಲ್ಲಿ ಮೊದಲನೆಯವರು ಹೆಚ್ಚು ಚುರುಕಾಗಿ, ಖುಷಿಯಾಗಿದ್ದರು. ಇಲ್ಲಿಯೂ ಒಂದು ತುಳಸಿ ಕುಂಡ ಕೊಡಬಹುದು. ಆದರೆ ‘ಪಾಪ, ಅಜ್ಜಿಗೆ ಯಾಕ ತ್ರಾಸ’ ಎಂದು ಆಯಾ ನೀರು ಹಾಕಿದಳೋ, ಕೊಟ್ಟದ್ದನ್ನು ಕಸಿದಂತೆಯೇ.

ಊಟದಲ್ಲೂ ಹಾಗೇ. ಹಲ್ಲಿಲ್ಲವೆಂದು ಜೋಳದ ರೊಟ್ಟಿ ನಿಲ್ಲಿಸಿ ಎರಡು ಹೊತ್ತೂ ಅನ್ನ-ಸಾರು ಬಡಿಸುವುದು ರೊಟ್ಟಿ ಉಂಡು ಬೆಳೆದವರಿಗೆ ಬಲು ನೋವಿನ ಸಂಗತಿ. ಕಟಕ ರೊಟ್ಟಿ ಬೇಡ. ಮೆತ್ತನ್ನ ಬಿಸಿ ರೊಟ್ಟಿ ಮುರಿದು ಹಾಲಿನಲ್ಲೋ ಬ್ಯಾಳಿಯಲ್ಲೋ ಹತ್ತು ನಿಮಿಷ ನೆನೆಸಿದರೆ ಒಸಡಿಗೂ ಸಲೀಸು. ನುಂಗಲು ತೊಂದರೆ ಇದ್ದವರಿಗೆ ಮಾತ್ರ ವೈದ್ಯರನ್ನು ಕೇಳಿಯೇ ಕೊಡಬೇಕು. ಯಾವುದರಲ್ಲಿ ನೆನೆಸಲಿ ಎಂದು ಉಣ್ಣುವವರನ್ನೇ ಕೇಳಿ.

ಪಲ್ಯ ಸೋಸುವುದು, ಬತ್ತಿ ಹೊಸೆಯುವುದು ಕೈಗೆ ಕೆಲಸ, ಮಾತಿಗೆ ಜೊತೆ. ‘ಇವತ್ತ ಒಲ್ಲೆ’ ಅಂದವರ ಮುಂದಿಂದ ಬುಟ್ಟಿ ತೆಗೆದುಬಿಡಿ, ಕಾರಣ ಕೇಳಬೇಡಿ.