ಸ್ವರವನ್ನು ಎಲ್ಲಿ ನಿಲ್ಲಿಸಬೇಕು

ಹಾಡಿನ ತಳದ ಮಂದ್ರ ಸ್ವರಗಳನ್ನು ಹೊರಡಿಸುವ ಬೇಸ್ ಗಿಟಾರ್ ನುಡಿಸುವುದನ್ನೇ ಜೀವನೋಪಾಯ ಮಾಡಿಕೊಂಡು ಬಂದ ನನ್ನನ್ನು ಜನ ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಯಾವ ಯಾವ ಗಾಯಕರಿಗೆ ನುಡಿಸಿದ್ದೀರಿ ಎಂಬುದು ಮೊದಲನೆಯದು, ನಿಮಗೆ ಅಚ್ಚುಮೆಚ್ಚಿನ ಸಂಗೀತ ಯಾವುದು ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಕೊಡುತ್ತ ಹೋದರೆ ಅದು ಹೆಸರುಗಳ ಪಟ್ಟಿಯಾಗುತ್ತದೆಯಷ್ಟೇ. ಎರಡನೆಯದಕ್ಕೆ ಉತ್ತರಿಸಬೇಕಾದರೆ ಬೇಸ್ ವಾದಕನ ಕೆಲಸ ಏನೆಂಬುದನ್ನು ಮೊದಲು ಹೇಳಬೇಕು. ಯಾವ ಸ್ವರ ನುಡಿಸಬೇಕೆಂಬುದು ನೊಟೇಶನ್ನಿನಲ್ಲಿ, ಅಂದರೆ ಬರೆದಿಟ್ಟ ಸ್ವರಲಿಪಿಯಲ್ಲಿ, ಇರುತ್ತದೆ. ತಾಳದ ಯಾವ ಪೆಟ್ಟಿನ ಮೇಲೆ ನುಡಿಸಬೇಕೆಂಬುದು ದೊಡ್ಡ ಡ್ರಮ್ಮಿನ ಪೆಡಲ್ ಒತ್ತುವ ಡ್ರಮ್ಸ್‌ನವರ ಕಾಲಿನಿಂದ ಗೊತ್ತಾಗುತ್ತದೆ. ಹುಟ್ಟಿದ ಸ್ವರವನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಮಾತ್ರ ವಾದಕನೇ ನಿರ್ಧರಿಸಬೇಕು. ನನ್ನ ದುಡಿಮೆಯ ವರ್ಷಗಳೆಲ್ಲ ಕಳೆದದ್ದು ಈ ನಿರ್ಧಾರದಲ್ಲಿ, ನಾನು ಮೆಚ್ಚುವ ಸಂಗೀತವನ್ನೂ ನಾನು ಅಳೆಯುವುದು ಇದರಿಂದಲೇ.

ನಾಲ್ಕು ತಂತಿಗಳಲ್ಲಿ ಅತಿ ದಪ್ಪನೆಯದನ್ನು ತೆರೆದು ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ನಾವು ತಡೆಯದಿದ್ದರೆ ಹಲವು ಸೆಕೆಂಡುಗಳ ಕಾಲ ಹಾಗೇ ಕಂಪಿಸುತ್ತಿರುತ್ತದೆ. ಅಷ್ಟರಲ್ಲಿ ಮುಂದಿನ ಸ್ವರ ಹುಟ್ಟಿ, ಎರಡೂ ಬೆರೆತು, ಹಾಡಿನ ತಳವೆಲ್ಲ ಕಲಸಿಹೋಗುತ್ತದೆ. ಅದನ್ನು ತಡೆಯಲು ಎಡಗೈ ಬೆರಳನ್ನು ತಂತಿಯಿಂದ ಪೂರ್ತಿ ಎತ್ತದೆ, ಒತ್ತುವುದನ್ನು ಮಾತ್ರ ಬಿಡಬೇಕು. ಬಲಗೈಯ ಹೆಬ್ಬೆರಳು ಮೇಲಿನ ತಂತಿಯ ಮೇಲೆ ಸದಾ ಒರಗಿರಬೇಕು. ಅಮೆರಿಕದ ವಾದ್ಯ ತಯಾರಕ ಲಿಯೊ ಫೆಂಡರ್ 1951ರಲ್ಲಿ ಹೊರತಂದ ಪ್ರಿಸಿಷನ್ ಬೇಸ್ ಎಂಬ ವಾದ್ಯದಲ್ಲಿ, ತಂತಿಗಳ ಬುಡ ಕೂರುವ ಬ್ರಿಡ್ಜಿನ ಮುಚ್ಚಳದ ಒಳಗೆ ತಂತಿಗಳಿಗೆ ತಾಗುವಂತೆ ಮೆತ್ತನೆಯ ಪಟ್ಟಿಯೊಂದನ್ನು ಅಂಟಿಸಿರುತ್ತಿದ್ದರು, ಅದರ ಉದ್ದೇಶವೂ ಇದೇ. ನನಗೆ ಪಾಠ ಹೇಳಿದ ಹಿರಿಯರು ಅದೇ ಕೆಲಸಕ್ಕೆ ಸ್ಪಂಜಿನ ತುಂಡನ್ನು ಬಳಸುತ್ತಿದ್ದರು. ಕೆಲವು ಹಾಡುಗಳಿಗೆ ಅದನ್ನು ತಂತಿಗಳ ಅಡಿಗೆ ತುರುಕಿ, ಮೆಲೋಡಿ ಹಾಡುಗಳಿಗೆ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ನಾನು ಅನ್ನ ಸಂಪಾದಿಸಿದ್ದು ಹೆಚ್ಚಾಗಿ ರಸಮಂಜರಿ ಕಾರ್ಯಕ್ರಮಗಳಲ್ಲಿ. ಗಣೇಶೋತ್ಸವದಿಂದ ಆರಂಭವಾದರೆ ದಸರೆ, ರಾಜ್ಯೋತ್ಸವ ಎಂದು ನವೆಂಬರ್ ಕೊನೆಯವರೆಗೂ ಬಿಡುವಿರುತ್ತಿರಲಿಲ್ಲ. ಬೇಸಿಗೆಯಲ್ಲಿ ಊರೂರಿನ ಜಾತ್ರೆಗಳು. ಉಳಿದ ತಿಂಗಳುಗಳಲ್ಲಿ ಮದುವೆಯ ಆರತಕ್ಷತೆಗಳು. ಮೆಟಡೋರ್ ವ್ಯಾನಿನಲ್ಲಿ ಸ್ಪೀಕರ್ ಪೆಟ್ಟಿಗೆಗಳ ನಡುವೆ ಕುಳಿತು ಮಧ್ಯಾಹ್ನಕ್ಕೆ ಊರು ಸೇರಿದರೆ, ಗಾಯಕರು ವಿಶ್ರಾಂತಿಗೆ ಹೋಗುತ್ತಿದ್ದರು, ನಾವು ವಾದ್ಯದವರು ವೇದಿಕೆಯ ವಿದ್ಯುತ್ ಸಂಪರ್ಕ ನೋಡಲು ಹೋಗುತ್ತಿದ್ದೆವು. ಅರ್ಥಿಂಗ್ ಸರಿಯಿಲ್ಲದ ವೇದಿಕೆಯಲ್ಲಿ ತಂತಿಯ ಮೇಲೆ ಕೈಯಿಟ್ಟುಕೊಂಡು ಮೈಕಿಗೆ ತುಟಿ ತಾಗಿಸಿದರೆ ಶಾಕ್ ಹೊಡೆಯುತ್ತದೆ. ಬೇಸ್ ವಾದಕ ಕೋರಸ್ಸನ್ನೂ ಹಾಡಬೇಕಾಗಿದ್ದ ಆ ದಿನಗಳಲ್ಲಿ ಇದು ನಿಜವಾದ ಅಪಾಯವಾಗಿತ್ತು. ಆದ್ದರಿಂದ ನನ್ನ ಗಿಟಾರಿನ ಚೀಲದಲ್ಲಿ ಟೆಸ್ಟರ್ ಯಾವಾಗಲೂ ಇರುತ್ತಿತ್ತು. ವೇದಿಕೆಯ ಹಿಂದೆ ಕಬ್ಬಿಣದ ಸರಳೊಂದನ್ನು ನೆಲಕ್ಕೆ ಹೊಡೆಸಿ, ಅದರ ಬುಡಕ್ಕೆ ಉಪ್ಪುನೀರು ಹುಯ್ಯಿಸಿ, ಮೈಕಿನ ಮೇಲೂ ತಂತಿಯ ಮೇಲೂ ಟೆಸ್ಟರ್ ಇಟ್ಟು ನೋಡಿದ ಮೇಲೆಯೇ ಶ್ರುತಿ ಮಾಡಿಕೊಳ್ಳುತ್ತಿದ್ದೆ. ಈಗ ವೇದಿಕೆ ಏರುವ ಹುಡುಗರೂ ಹೀಗೆಯೇ ಮಾಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಆ ವೇದಿಕೆಗಳು ಸ್ವರದ ಉದ್ದವನ್ನು ಕುರಿತು ಬಹಳ ಕಲಿಸಿದವು. ಖಾಲಿ ಪೀಪಾಯಿಗಳ ಮೇಲೆ ಹಲಗೆ ಹಾಸಿ ಕಟ್ಟಿದ ವೇದಿಕೆ ತಾನೇ ಒಂದು ಮದ್ದಲೆಯಂತೆ ಗುಂಯ್‌ಗುಡುತ್ತದೆ. ಅಲ್ಲಿ ಸ್ವರವನ್ನು ಪೂರ್ತಿ ಹಿಡಿದರೆ ಗಾಯಕರಿಗೆ ಶ್ರುತಿಯೇ ಕೇಳಿಸುವುದಿಲ್ಲ. ಸ್ನೇರ್ ಡ್ರಮ್ಮಿನ ಪೆಟ್ಟು ಬೀಳುವ ಕ್ಷಣಕ್ಕೆ ಸರಿಯಾಗಿ ಬೇಸ್ ಸ್ವರವನ್ನು ನಿಲ್ಲಿಸಿದರೆ ಲಯಕ್ಕೆ ಬಿಗಿ ಬರುತ್ತದೆ, ಮುಂದಿನ ಸಾಲಿನ ಜನ ತಲೆ ಆಡಿಸಲು ತೊಡಗುತ್ತಾರೆ. ಅದೇ ಸ್ವರವನ್ನು ಮುಂದಿನ ಪೆಟ್ಟಿನವರೆಗೂ ಎಳೆದರೆ ಹಾಡು ಭಾರವಾಗಿ, ನಿಧಾನವಾದಂತೆ ಕೇಳುತ್ತದೆ, ಗತಿ ಎಳ್ಳಷ್ಟೂ ಬದಲಾಗಿರದಿದ್ದರೂ ಸಹ.

ಸುಗಮ ಸಂಗೀತದ ಕಾರ್ಯಕ್ರಮಗಳಲ್ಲಿ ಲೆಕ್ಕಾಚಾರವೇ ಬೇರೆ. ಅಲ್ಲಿ ತಬಲಾ ಜೋಡಿಯ ದೊಡ್ಡದಾದ ಡಗ್ಗ ಬೇಸ್ ಗಿಟಾರಿನ ಜಾಗದಲ್ಲಿಯೇ ನುಡಿಯುತ್ತದೆ. ಡಗ್ಗದವರು ಅಂಗೈಯ ಬುಡದಿಂದ ಒತ್ತಿ ಗುಮ್ಮೆನಿಸುವ ಆ ನಾದದ ಮೇಲೆ ನನ್ನ ಸ್ವರ ಬಿದ್ದರೆ ಎರಡೂ ಮಸುಕಾಗುತ್ತವೆ. ಆದುದರಿಂದ ಅವರ ತೆರೆದ ಪೆಟ್ಟುಗಳಿಗೆ ಜಾಗ ಬಿಟ್ಟು, ತಾಳದ ‘ಖಾಲಿ’ ಎಂಬ ಭಾಗದಲ್ಲಿ ಡಗ್ಗ ಮುಚ್ಚಿದಾಗ ಮಾತ್ರ ಸ್ವರವನ್ನು ಉದ್ದವಾಗಿ ಹಿಡಿಯುವುದನ್ನು ರೂಢಿಸಿಕೊಂಡೆ. ಭಾವಗೀತೆಗೆ ಬೇಸ್ ಗಿಟಾರ್ ಏಕೆ ಎಂದು ಕೇಳುವವರಿಗೆ ನಾನು ಷಡ್ಜವನ್ನೇ, ಅಂದರೆ ‘ಸ’ ಸ್ವರವನ್ನೇ, ಉದಾಹರಣೆಯಾಗಿ ಕೊಡುತ್ತೇನೆ. ಗಾಯಕರು ಮೇಲೆ ಷಡ್ಜದಲ್ಲಿ ನಿಂತಿರುವಾಗ ನಾನು ಕೆಳಗೆ ಮಧ್ಯಮಕ್ಕೆ ಹೋದರೆ, ಅವರ ಷಡ್ಜ ನನ್ನ ಸ್ವರಕ್ಕೆ ಪಂಚಮವಾಗಿ ಕೇಳಿಸಿ ಮನಸ್ಸಿಗೆ ವಿಶ್ರಾಂತಿ ಕೊಡುತ್ತದೆ. ಚತುಶ್ರುತಿ ಧೈವತಕ್ಕೆ (ಮೇಲಿನ ‘ಧ’) ಇಳಿದರೆ ಅದೇ ಷಡ್ಜ ಸಾಧಾರಣ ಗಾಂಧಾರವಾಗಿ (ತಗ್ಗಿನ ‘ಗ’) ವಿಷಾದದ ಛಾಯೆ ಪಡೆಯುತ್ತದೆ. ಶುದ್ಧ ಧೈವತಕ್ಕೆ (ತಗ್ಗಿನ ‘ಧ’) ಇಳಿದರೆ ಅಂತರ ಗಾಂಧಾರವಾಗಿ (ಮೇಲಿನ ‘ಗ’) ಬೆಳಗುತ್ತದೆ. ಗಾಯಕರು ಒಂದಿಷ್ಟೂ ಕದಲಿಲ್ಲ, ಆದರೂ ಸಾಹಿತ್ಯದ ಸಾಲಿನ ಭಾವ ಮೂರು ಬಗೆಯಲ್ಲಿ ಬದಲಾಗಿರುತ್ತದೆ. ಇಷ್ಟು ಅಧಿಕಾರ ಕೈಯಲ್ಲಿದ್ದಾಗ ಅದನ್ನು ಬಹಳ ಎಚ್ಚರದಿಂದ ಬಳಸಬೇಕು. ರಾಗದಲ್ಲಿ ಇಲ್ಲದ ಸ್ವರವನ್ನು ಮೆರುಗಿಗಾಗಿ ತಂದು ಹಾಕುವ ಚಾಳಿಯನ್ನು ನಾನು ಒಪ್ಪುವುದಿಲ್ಲ. ಕವಿತೆ ಬಯಸಿದಲ್ಲಿ ಮಾತ್ರ ಷಡ್ಜ-ಪಂಚಮಗಳನ್ನು ಬಿಟ್ಟು ಹೊರಗೆ ಹೋಗಬೇಕು.

ಈ ವಿವೇಕವನ್ನು ನಾನು ಕಂಡದ್ದು ಇಳಯರಾಜ ಅವರ ಸಂಯೋಜನೆಗಳಲ್ಲಿ. ಅವರು ಕನ್ನಡದಲ್ಲಿ ಮಾಡಿದ ಕೆಲಸದಲ್ಲಿ 1981ರ ‘ಗೀತಾ’ ಚಿತ್ರದ ‘ಜೊತೆಯಲಿ’ ಹಾಡನ್ನೂ 1983ರ ‘ಪಲ್ಲವಿ ಅನುಪಲ್ಲವಿ’ ಚಿತ್ರದ ‘ನಗು ಎಂದಿದೆ’ ಹಾಡನ್ನೂ ನಾನು ಇಂದಿಗೂ ಬೇಸ್ ಒಂದನ್ನೇ ಹಿಂಬಾಲಿಸುತ್ತ ಕೇಳುತ್ತೇನೆ. ಅಲ್ಲಿ ಬೇಸ್ ಬರೀ ಆಧಾರ ಸ್ವರವನ್ನು ಒತ್ತುತ್ತ ಕೂರುವುದಿಲ್ಲ. ಹಾಡಿನ ಅಡಿಯಲ್ಲಿ ತನ್ನದೇ ಸ್ವರಪಂಕ್ತಿಯನ್ನು ಹಿಡಿದು ನಡೆಯುತ್ತದೆ, ಆದರೆ ಎಸ್. ಜಾನಕಿಯವರ ಉಸಿರು ಎಲ್ಲಿ ಬೇಕೋ ಅಲ್ಲಿ ಹಿಂದೆ ಸರಿಯುತ್ತದೆ. ಎಲ್ಲ ವಾದ್ಯಗಳಿಗೂ ನೊಟೇಶನ್ ತಾವೇ ಬರೆದುಕೊಡುವುದು ಇಳಯರಾಜ ಅವರ ಪದ್ಧತಿ. ಅದನ್ನು ಬಹುಕಾಲ ಬೇಸಿನಲ್ಲಿ ನುಡಿಸಿದವರು ಶಶಿಧರನ್. ಬರೆದುಕೊಟ್ಟದ್ದಕ್ಕೆ ಉಸಿರು ತುಂಬುವುದು ಎಂದರೇನೆಂದು ತಿಳಿಯಬೇಕಾದರೆ ಅವರ ಸ್ವರಗಳ ಕೊನೆಗಳನ್ನು ಗಮನಿಸಬೇಕು. ಶಂಕರ್ ನಾಗ್ ಅವರು 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ಕಟ್ಟುವ ಮುನ್ನ ಕನ್ನಡ ಚಿತ್ರಗೀತೆಗಳ ಧ್ವನಿಮುದ್ರಣ ಬಹುಪಾಲು ಮದರಾಸಿನಲ್ಲಿಯೇ ನಡೆಯುತ್ತಿತ್ತು, ಹಾಗಾಗಿ ನಮ್ಮ ಹಾಡುಗಳ ಬೇಸ್ ನುಡಿಸಿದ ಬೆರಳುಗಳೂ ಹೆಚ್ಚಾಗಿ ಅಲ್ಲಿಯವರದೇ. ಕ್ಯಾಸೆಟ್ಟಿನ ಮೇಲೆ ಗಾಯಕರು, ಗೀತರಚನೆಕಾರರು ಮತ್ತು ಸಂಗೀತ ನಿರ್ದೇಶಕರ ಹೆಸರುಗಳು ಇರುತ್ತಿದ್ದವು, ವಾದ್ಯದವರದ್ದು ಇರುತ್ತಿರಲಿಲ್ಲ. ಇದು ನನಗೆ ಈಗಲೂ ನೋವು ಕೊಡುವ ಸಂಗತಿ.

ಈ ನೋವು ನಮ್ಮ ನಾಡಿಗೆ ಮಾತ್ರ ಸೀಮಿತವಲ್ಲ. ಅಮೆರಿಕದ ಡೆಟ್ರಾಯ್ಟ್‌ನಲ್ಲಿ ಮೋಟೌನ್ ಎಂಬ ಧ್ವನಿಮುದ್ರಿಕೆ ಕಂಪನಿಯ ನೆಲಮಾಳಿಗೆಯ ಸ್ಟುಡಿಯೊದಲ್ಲಿ 1960ರ ದಶಕವಿಡೀ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಅವರ ಹೆಸರು ಆ ಕಂಪನಿಯ ದೊಡ್ಡ ಆಲ್ಬಮ್ಮೊಂದರ ಹೊದಿಕೆಯ ಮೇಲೆ ಕಾಣಿಸಿಕೊಂಡದ್ದು 1971ರಲ್ಲಿ, ಗಾಯಕ ಮಾರ್ವಿನ್ ಗೇ ಅವರ ಧ್ವನಿಮುದ್ರಿಕೆಯೊಂದರಲ್ಲಿ. ಅವರು ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದರು. ತಂತಿಗಳನ್ನು ತುಂಡಾಗುವವರೆಗೂ ಬದಲಾಯಿಸುತ್ತಿರಲಿಲ್ಲ. ಹಳೆಯ ತಂತಿಯ ನಾದ ಬೇಗ ಅಡಗುತ್ತದೆ, ಆದ್ದರಿಂದ ಎಷ್ಟು ಸ್ವರ ಸುರಿದರೂ ಒಂದರ ಮೇಲೊಂದು ಬೀಳುವುದಿಲ್ಲ. 47ನೆಯ ವಯಸ್ಸಿಗೆ, 1983ರಲ್ಲಿ, ಅವರು ತೀರಿಕೊಂಡರು. ಜೋರಾಗಿ ನುಡಿಸುವ ವಾದಕರ ಧ್ವನಿಮುದ್ರಿಕೆಗಳು ನನ್ನಲ್ಲಿ ಬೇಕಾದಷ್ಟಿವೆ, ಆದರೆ ಮತ್ತೆ ಮತ್ತೆ ಹಾಕಿಕೊಂಡು ಕೇಳುವುದು ಜೇಮರ್ಸನ್ ಅವರನ್ನೇ.

1980ರ ದಶಕದ ಕೊನೆಯಿಂದ ನಮ್ಮ ಕೆಲಸ ಕಡಿಮೆಯಾಗುತ್ತ ಬಂತು. ಕೀಬೋರ್ಡ್‌ನವರ ಎಡಗೈ ಬೇಸಿನ ಪಾಲನ್ನು ವಹಿಸಿಕೊಂಡಿತು, ಆಮೇಲೆ ಗಾಯನವೊಂದನ್ನು ಬಿಟ್ಟು ಉಳಿದ ವಾದ್ಯಗಳನ್ನೆಲ್ಲ ಮೊದಲೇ ಮುದ್ರಿಸಿಟ್ಟ ಮೈನಸ್ ಟ್ರ್ಯಾಕುಗಳು ಬಂದು ಆ ಎಡಗೈಗೂ ಕೆಲಸ ಇಲ್ಲದಂತಾಯಿತು. ಯಂತ್ರವನ್ನೇ ದೂರುವುದು ಸರಿಯಲ್ಲ ಎಂಬುದಕ್ಕೆ ಮುಂಬಯಿಯ ಚರಣ್‌ಜಿತ್ ಸಿಂಗ್ ಸಾಕ್ಷಿ. ಹಿಂದಿ ಚಿತ್ರಗಳ ವಾದ್ಯವೃಂದದಲ್ಲಿ ದುಡಿದ ಅವರು, ಜೊತೆಗೆ ಬೇಸ್ ವಾದಕರಿಲ್ಲದ ಗಿಟಾರ್ ವಾದಕರ ಅಭ್ಯಾಸಕ್ಕೆಂದು ರೋಲ್ಯಾಂಡ್ ಕಂಪನಿ ತಯಾರಿಸಿದ, ಬೇಸ್ ಸ್ವರಗಳನ್ನು ತಾನೇ ಹೊರಡಿಸುವ ಟಿಬಿ-303 ಯಂತ್ರವನ್ನು ಹಿಡಿದು, 1982ರಲ್ಲಿ ಹತ್ತು ರಾಗಗಳ ಧ್ವನಿಮುದ್ರಿಕೆಯೊಂದನ್ನೇ ತಂದರು; ಅದರ ಬೆಲೆ ಜಗತ್ತಿಗೆ ತಿಳಿದದ್ದು ದಶಕಗಳ ನಂತರ. ಆದರೂ ಟ್ರ್ಯಾಕಿನ ಬೇಸ್ ಎದುರಿನ ಗಾಯಕರ ಉಸಿರಿಗೆ ಕಾಯುವುದಿಲ್ಲ ಎಂಬುದು ನನ್ನ ಆಕ್ಷೇಪ. ಚರಣದ ಕೊನೆಯಲ್ಲಿ ಗಾಯಕರು ಒಂದು ಸಂಗತಿಯನ್ನು, ಅಂದರೆ ಅದೇ ಸಾಲಿನ ಇನ್ನೊಂದು ಸ್ವರವಿನ್ಯಾಸವನ್ನು, ಹೆಚ್ಚಾಗಿ ಹಾಡಬೇಕೆಂದು ಬಯಸಿದರೆ ಅದನ್ನು ಅರಿತು ಸ್ವರವನ್ನು ಹಿಡಿದು ನಿಲ್ಲುವುದು ಮನುಷ್ಯನಿಂದ ಮಾತ್ರ ಆಗುತ್ತದೆ.

ಇತ್ತೀಚೆಗೆ ಬೆಂಗಳೂರಿನ ಸಣ್ಣ ಸಭಾಂಗಣಗಳಲ್ಲಿ ಟ್ರ್ಯಾಕ್ ಇಲ್ಲದೆ ನುಡಿಸುವ ತಂಡಗಳು ಮತ್ತೆ ಕಾಣಿಸಿಕೊಳ್ಳುತ್ತಿರುವುದು ನನಗೆ ನಿಜವಾದ ಸಂತೋಷ ತಂದಿದೆ. ಕಲಿಯಲು ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲ ತಿಂಗಳು ವೇಗದ ಪಾಠವನ್ನೇ ಹೇಳುವುದಿಲ್ಲ. ಲಯದ ಪೆಟ್ಟು ಕೊಡುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಪೆಟ್ಟಿಗೆ ಇಟ್ಟು, ಒಂದೇ ಸ್ವರವನ್ನು ಮೊದಲು ಪೂರ್ತಿ ಮಾತ್ರೆ, ಆಮೇಲೆ ಮುಕ್ಕಾಲು, ಅರ್ಧ, ಕಾಲು ಎಂದು ಕತ್ತರಿಸಿ ನುಡಿಸಲು ಹೇಳುತ್ತೇನೆ. ಕಾಲು ಮಾತ್ರೆಯಲ್ಲಿಯೂ ಸ್ವರ ತುಂಬಿ ಕೇಳಿಸತೊಡಗಿದ ಮೇಲೆ ‘ಜೊತೆಯಲಿ’ಯ ಮೊದಲ ಸಾಲಿನ ನೊಟೇಶನ್ ಬರೆದುಕೊಡುತ್ತೇನೆ.